ತಟ್ಟೆಯ ತಳದಲ್ಲಿ ನಿಲ್ಲುವ ರಸ

ಕೋಸಂಬರಿ ಮಾಡುವ ಮನೆಗಳಲ್ಲೆಲ್ಲ ಒಂದು ಕಟ್ಟಳೆ ಇದೆ: ಉಪ್ಪು ಹಾಕುವುದು ಬಡಿಸುವ ಹೊತ್ತಿಗೆ. ಮೊದಲೇ ಹಾಕಿಬಿಟ್ಟರೆ ಸೌತೆಕಾಯಿ ನೀರು ಬಿಟ್ಟು, ಹೆಸರುಬೇಳೆ ಅದರಲ್ಲಿ ತೇಲಿ, ಎಲೆಯ ಮೇಲೆ ಪಕ್ಕದ ಪಲ್ಯದ ತನಕ ಹರಿಯುತ್ತದೆ. ಗ್ರೀಕ್ ಸಲಾಡ್ ಮಾಡಲು ಹೊರಟಾಗಲೂ ನಮ್ಮ ಕೈ ತಂತಾನೇ ಇದೇ ಕಟ್ಟಳೆ ಪಾಲಿಸುತ್ತದೆ. ಸಲಾಡ್ ಕೆಡುವುದು ಅಲ್ಲೇ. ಇಲ್ಲಿ ಬೇಕಾಗಿರುವುದೇ ಆ ನೀರು. ಟೊಮ್ಯಾಟೊ ಬಿಟ್ಟ ರಸ, ಆಲಿವ್ ಎಣ್ಣೆ, ಚೂರು ವಿನೆಗರ್, ಫೆಟಾ ಚೀಸಿನಿಂದ ಇಳಿದ ಉಪ್ಪು, ಇಷ್ಟೂ ತಟ್ಟೆಯ ತಳದಲ್ಲಿ ಒಂದಾದಾಗ ಆಗುವುದೇ ಇದರ ಡ್ರೆಸಿಂಗ್.

ಗ್ರೀಸಿನಲ್ಲಿ ಇದನ್ನು ಯಾರೂ ಗ್ರೀಕ್ ಸಲಾಡ್ ಅನ್ನುವುದಿಲ್ಲ. ಅವರ ಹೆಸರು ಹೊರ್ಯಾತಿಕಿ. ಹೊರ್ಯೊ ಅಂದರೆ ಹಳ್ಳಿ, ಹೊರ್ಯಾತಿಕಿ ಅಂದರೆ ಹಳ್ಳಿಯದು. ಊಟ ಮುಗಿಯುತ್ತಾ ಬಂದಾಗ ತಳದಲ್ಲಿ ಉಳಿದ ಆ ರಸಕ್ಕೆ ಬ್ರೆಡ್ಡಿನ ತುಂಡು ಅದ್ದಿ ಬಳಿದು ತಿನ್ನುವುದಕ್ಕೂ ಅವರಲ್ಲಿ ಒಂದು ಪದವಿದೆ, ಪಪಾರ. ನಾವು ಕೊನೇ ತುತ್ತಿನ ಸಾರನ್ನು ತಟ್ಟೆ ಎತ್ತಿ ಸುರ್ರನೆ ಕುಡಿಯುತ್ತೇವಲ್ಲ, ಹೆಚ್ಚುಕಮ್ಮಿ ಅದೇ ಬಗೆಯ ಸುಖ. ಪಪಾರಕ್ಕೆ ರಸ ಉಳಿಯದಿದ್ದರೆ ಸಲಾಡ್ ಒಣಗಿತ್ತು ಅಂತ ಅರ್ಥ. ರಸ ನೀರುನೀರಾಗಿ ಬಣ್ಣವಿಲ್ಲದೆ ನಿಂತಿದ್ದರೆ ಎಲ್ಲೋ ಕ್ರಮ ತಪ್ಪಿದೆ ಅಂತ ಅರ್ಥ.

ಹಳ್ಳಿಯದು ಅಂದಮಾತ್ರಕ್ಕೆ ಪುರಾತನ ಅಂದುಕೊಳ್ಳಬೇಕಿಲ್ಲ. ಟೊಮ್ಯಾಟೊ, ದಪ್ಪ ಮೆಣಸಿನಕಾಯಿ ಎರಡೂ ಅಮೆರಿಕಾ ಖಂಡದಿಂದ ಬಂದವು. ಗ್ರೀಸಿನ ಹೊಲಗಳಲ್ಲಿ ಟೊಮ್ಯಾಟೊ ಬೇರೂರಿದ್ದು 19ನೇ ಶತಮಾನದಲ್ಲಿ. ಸಾಕ್ರೆಟಿಸ್ ಈ ಸಲಾಡ್ ತಿಂದಿರಲು ಸಾಧ್ಯವೇ ಇಲ್ಲ. ಆಲಿವ್, ಈರುಳ್ಳಿ, ಕುರಿಹಾಲಿನ ಚೀಸು ಅವನಿಗೂ ಗೊತ್ತಿದ್ದವು, ಕೆಂಪು ಬಣ್ಣ ಮಾತ್ರ ಹೊಸದು. ನಮ್ಮ ಸಾರಿಗೆ ಮೆಣಸಿನಕಾಯಿ, ಟೊಮ್ಯಾಟೊ ಬಂದು ಸೇರಿದ ಹಾಗೆ.

ನಾಲ್ಕು ಜನರಿಗೆ ಅಳತೆ ಹೀಗೆ. ಹಣ್ಣಾದ ಟೊಮ್ಯಾಟೊ 600 ಗ್ರಾಂ, ಎಳೆ ಸೌತೆಕಾಯಿ 250 ಗ್ರಾಂ, ಕೆಂಪು ಈರುಳ್ಳಿ ಚಿಕ್ಕದು ಒಂದು, ಹಸಿರು ದಪ್ಪ ಮೆಣಸಿನಕಾಯಿ ಸುಮಾರು 100 ಗ್ರಾಂ, ಬೀಜವಿರುವ ಕಲಮಾತಾ ಆಲಿವ್ 12ರಿಂದ 16, ಫೆಟಾ 200 ಗ್ರಾಂ. ಇದಕ್ಕೆ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ 5 ಟೇಬಲ್ ಚಮಚ, ರೆಡ್ ವೈನ್ ವಿನೆಗರ್ 1 ಟೇಬಲ್ ಚಮಚ, ಒಣ ಆರೆಗಾನೊ 1 ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಎಣ್ಣೆಯ ಅಳತೆ ನೋಡಿ ಹಲವರು ಅರ್ಧಕ್ಕೆ ಇಳಿಸುತ್ತಾರೆ. ಇಳಿಸಬಹುದು, ಆದರೆ ಆಗ ತಳದಲ್ಲಿ ಸಿಗುವುದು ಉಪ್ಪು ಹಾಕಿದ ಟೊಮ್ಯಾಟೊ ನೀರು. ಎಣ್ಣೆ ಇಲ್ಲಿ ಒಗ್ಗರಣೆಯ ಎಣ್ಣೆಯಲ್ಲ, ತರಕಾರಿಗಳ ಸಾಲಿನಲ್ಲೇ ನಿಲ್ಲುವ ಪದಾರ್ಥ.

ಟೊಮ್ಯಾಟೊ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಅರ್ಧ ಸಲಾಡ್ ಅದೇ. ಗ್ರೀಸಿನಲ್ಲಿ ಹೊರ್ಯಾತಿಕಿ ಬೇಸಿಗೆಯ ತಿನಿಸು. ಜುಲೈ, ಆಗಸ್ಟ್‌ನ ಬಿಸಿಲಿಗೆ ಗಿಡದಲ್ಲೇ ಹಣ್ಣಾದ, ಕೈಗೆ ಭಾರ ಅನ್ನಿಸುವ ಟೊಮ್ಯಾಟೊ ಇರುವ ತನಕ ಅದರ ಕಾಲ. ಚಳಿಗಾಲಕ್ಕೆ ಅವರು ಕೋಸನ್ನು ಸಣ್ಣಗೆ ಹೆಚ್ಚಿ ಲಾಹನೊಸಲಾತ ಮಾಡುತ್ತಾರೆ, ವಸಂತದಲ್ಲಿ ಲೆಟಿಸ್, ಈರುಳ್ಳಿ ಹೂವು, ಸಬ್ಬಸಿಗೆ ಸೊಪ್ಪು ಸೇರಿಸಿ ಮರುಲೊಸಲಾತ. ಲೆಟಿಸ್ ಎಲೆಗಳು ಹೊರ್ಯಾತಿಕಿಗೆ ಬರುವುದಿಲ್ಲ. ಬರಬಾರದ್ದಕ್ಕೆ ಕಾರಣವೂ ಇದೆ: ಎಲೆಯ ಮೇಲಿನ ಮೇಣದ ಪದರವನ್ನು ದಾಟಿ ಎಣ್ಣೆ ಒಳಕ್ಕೆ ಇಳಿಯುತ್ತದೆ, ಹತ್ತು ನಿಮಿಷದಲ್ಲಿ ಎಲೆ ಬಾಡಿ ಒದ್ದೆ ಕಾಗದದಂತಾಗುತ್ತದೆ. ಈ ಸಲಾಡ್ ಹದಿನೈದು ನಿಮಿಷ ಕಾಯಬೇಕಾದದ್ದು. ಎರಡಕ್ಕೂ ಹೊಂದಿಕೆಯಿಲ್ಲ.

ನಮ್ಮಲ್ಲಿ ವರ್ಷಪೂರ್ತಿ ಟೊಮ್ಯಾಟೊ ಸಿಗುತ್ತದೆ, ಅದೇ ತೊಂದರೆ. ಕೋಲಾರದ ಮಾರುಕಟ್ಟೆಯಿಂದ ದೇಶದುದ್ದಕ್ಕೂ ಹೋಗುವ ಹೈಬ್ರಿಡ್ ಹಣ್ಣು ಲಾರಿಯಲ್ಲಿ ದಿನಗಟ್ಟಲೆ ಕುಲುಕಿದರೂ ಒಡೆಯಬಾರದು ಅಂತ ಬೆಳೆಸಿದ್ದು. ಸಿಪ್ಪೆ ದಪ್ಪ, ಒಳಗೆ ತಿರುಳು ಗಟ್ಟಿ, ರಸ ಕಡಿಮೆ. ಸಾಂಬಾರಿಗೆ, ಗೊಜ್ಜಿಗೆ ಅಡ್ಡಿಯಿಲ್ಲ. ಸಲಾಡಿಗೆ ಬೇಕಾದ್ದು ನಾಟಿ ಟೊಮ್ಯಾಟೊ: ಮೇಲೆ ಗೆರೆಗೆರೆ ಏರಿಳಿತ, ತೆಳು ಸಿಪ್ಪೆ, ಕೊಯ್ದರೆ ಹಲಗೆ ಒದ್ದೆ. ಆದರೆ ನಾಟಿ ಹುಳಿ ಜಾಸ್ತಿ, ಆದ್ದರಿಂದ ಅದನ್ನು ಬಳಸಿದಾಗ ವಿನೆಗರ್ ಅರ್ಧಕ್ಕೆ ಇಳಿಸಿ. ಅರ್ಧ ನಾಟಿ, ಅರ್ಧ ಹೈಬ್ರಿಡ್ ಹಾಕಿದರೆ ಹುಳಿಯೂ ತಿರುಳೂ ಹದಕ್ಕೆ ಬರುತ್ತವೆ. ಯಾವುದೇ ತಂದರೂ ಎರಡು ದಿನ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹಣ್ಣಾಗಲು ಬಿಡಿ, ಫ್ರಿಜ್ಜಿಗೆ ಹಾಕಬೇಡಿ. ಸುಮಾರು 12 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ದಿನಗಟ್ಟಲೆ ಕೂತ ಟೊಮ್ಯಾಟೊ ತನ್ನ ಪರಿಮಳ ಹುಟ್ಟಿಸುವುದನ್ನು ನಿಲ್ಲಿಸುತ್ತದೆ, ಹೊರಗೆ ತಂದರೂ ಅದು ಪೂರ್ತಿ ಮರಳುವುದಿಲ್ಲ.

ಹೆಚ್ಚುವಾಗ ಬೀಜದ ಲೋಳೆ ತೆಗೆದು ಬಿಸಾಡುವ ಅಭ್ಯಾಸ ಕೆಲವರಿಗೆ, ಹೋಟೆಲ್ ಅಡುಗೆಯ ಪ್ರಭಾವ ಇರಬೇಕು. ಟೊಮ್ಯಾಟೊದ ರುಚಿ ಕೊಡುವ ಗ್ಲುಟಮೇಟ್ ತಿರುಳಿಗಿಂತ ಆ ಲೋಳೆಯಲ್ಲೇ ಹೆಚ್ಚು. ಅದನ್ನು ತೆಗೆದವರು ಡ್ರೆಸಿಂಗನ್ನೇ ತೆಗೆದರು. ಹಣ್ಣನ್ನು ಉದ್ದಕ್ಕೆ ಸೀಳಿ, ತೊಟ್ಟಿನ ಗಟ್ಟಿ ಭಾಗ ಕತ್ತರಿಸಿ, ಒಂದೇ ಬಾಯಿಗೆ ತುಸು ದೊಡ್ಡದು ಅನ್ನಿಸುವ ಹೋಳು ಮಾಡಿ. ಅಳತೆ ಕೋಲು ಹಿಡಿದ ಹಾಗೆ ಒಂದೇ ಗಾತ್ರದ ಚೌಕ ಬೇಡ. ಅಷ್ಟು ಸಣ್ಣಗೆ ಹೆಚ್ಚಿದರೆ ಅದು ಟರ್ಕಿಯ ಕುರುಬರ ಸಲಾಡ್ ಆಗುತ್ತದೆ, ಅದೂ ಒಳ್ಳೆಯದೇ, ಆದರೆ ಅದು ಬೇರೆ.

ಹೋಳುಗಳನ್ನು ಬಡಿಸುವ ಅಗಲದ ಬಟ್ಟಲಿಗೇ ಹಾಕಿ ಅರ್ಧ ಟೀ ಚಮಚ ಉಪ್ಪು ಉದುರಿಸಿ, ಕೈಯಲ್ಲಿ ಒಮ್ಮೆ ಮೇಲೆ ಕೆಳಗೆ ಮಾಡಿ ಬಿಟ್ಟುಬಿಡಿ. ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಕೊಯ್ದ ಮೈ ಮಿರುಗತೊಡಗುತ್ತದೆ, ಅಂಚಿನಲ್ಲಿ ಹನಿ ಕೂಡಿ, ಹನಿಗೆ ಹನಿ ಸೇರಿ ಬಟ್ಟಲಿನ ತಗ್ಗಿಗೆ ಇಳಿಯುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಎರಡು ಮೂರು ಟೇಬಲ್ ಚಮಚದಷ್ಟು ತಿಳಿಗೆಂಪು ರಸ. ಬಟ್ಟಲು ಓರೆ ಮಾಡಿದರೆ ಬೀಜಗಳೂ ಜತೆಗೆ ಜಾರಿ ಬರುತ್ತವೆ. ಬೆರಳಿಗೆ ತಗುಲಿಸಿ ನೆಕ್ಕಿ ನೋಡಿ: ಈ ಹಂತದಲ್ಲಿ ಅದು ತುಸು ಉಪ್ಪುಪ್ಪಾಗಿ, ಹುಳಿಸಿಹಿಯಾಗಿ ಇರಬೇಕು. ಸಪ್ಪೆ ಇದ್ದರೆ ಟೊಮ್ಯಾಟೊ ಸಪ್ಪೆ ಅಂತ ಅರ್ಥ, ಒಂದು ಚಿಟಿಕೆ ಸಕ್ಕರೆ ಹಾಕಿದರೆ ಪಾಪವೇನಿಲ್ಲ. ಇದನ್ನು ಬಸಿಯಬೇಡಿ. ಅರ್ಧ ಗಂಟೆ ದಾಟಿಸಲೂ ಬೇಡಿ, ಹೋಳು ಬತ್ತಿ ತೊಗಲಿನಂತಾಗುತ್ತದೆ.

ಈ ಹದಿನೈದು ನಿಮಿಷ ಉಳಿದದ್ದಕ್ಕೆ ಸಾಕು. ಈರುಳ್ಳಿಯನ್ನು ಉಂಗುರ ಉಂಗುರವಾಗಿ, ಕಾಗದದಷ್ಟಲ್ಲದಿದ್ದರೂ ತೆಳುವಾಗಿ ಹೆಚ್ಚಿ ತಣ್ಣೀರಿನಲ್ಲಿ ಹತ್ತು ನಿಮಿಷ ಹಾಕಿಡಿ. ಈರುಳ್ಳಿಯ ಘಾಟು ಅದರೊಳಗೆ ಮೊದಲೇ ಇರುವುದಲ್ಲ, ಚಾಕು ತಗುಲಿ ಕೋಶ ಒಡೆದಾಗ ಹುಟ್ಟುವ ಗಂಧಕದ ಸಂಯುಕ್ತಗಳಿಂದ ಬರುವುದು. ನೀರು ಅದನ್ನು ತೊಳೆದು ಒಯ್ಯುತ್ತದೆ, ಗರಿಗರಿ ಉಳಿಸುತ್ತದೆ. ಮೊಂಡು ಚಾಕು ಹೆಚ್ಚು ಕೋಶ ಜಜ್ಜುತ್ತದೆ, ಆದ್ದರಿಂದ ಕಣ್ಣೀರೂ ಹೆಚ್ಚು, ಘಾಟೂ ಹೆಚ್ಚು. ನಮ್ಮ ಕೆಂಪು ಈರುಳ್ಳಿ ಖಾರ ಜಾಸ್ತಿಯಾದ್ದರಿಂದ ನೆನೆಸುವ ಹೆಜ್ಜೆ ಬಿಡಬೇಡಿ. ನೆನೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಇಲ್ಲವಾದರೆ ನಲ್ಲಿ ನೀರು ಸಲಾಡಿಗೆ ಸೇರುತ್ತದೆ. ಬೇಕಾದದ್ದು ಟೊಮ್ಯಾಟೊದ ನೀರು, ನಲ್ಲಿಯದಲ್ಲ.

ಸೌತೆಕಾಯಿಯ ತೊಟ್ಟಿನ ತುದಿ ಕತ್ತರಿಸಿ ಅದೇ ತುಂಡಿನಿಂದ ಉಜ್ಜಿ ನೊರೆ ಬರಿಸುವುದು ನಮ್ಮ ಮನೆಗಳ ಹಳೇ ಪದ್ಧತಿ. ಕಹಿ ಕೊಡುವ ಕುಕುರ್ಬಿಟಸಿನ್ ತೊಟ್ಟಿನ ಕಡೆ, ಸಿಪ್ಪೆಯ ಹತ್ತಿರ ಹೆಚ್ಚಿರುತ್ತದೆ. ಉಜ್ಜುವುದಕ್ಕಿಂತ ಆ ತುದಿಯನ್ನು ಧಾರಾಳವಾಗಿ ಕತ್ತರಿಸಿ ಎಸೆಯುವುದೇ ಕೆಲಸ ಮಾಡುವುದು. ಆಮೇಲೆ ಒಂದು ಚೂರು ಬಾಯಿಗೆ ಹಾಕಿ ನೋಡಿ, ಒಂದು ಕಹಿ ಸೌತೆ ಇಡೀ ಬಟ್ಟಲು ಹಾಳು ಮಾಡಬಲ್ಲದು. ಸಿಪ್ಪೆಯನ್ನು ಪಟ್ಟೆಪಟ್ಟೆಯಾಗಿ ಹೆರೆದು, ಉದ್ದಕ್ಕೆ ಎರಡು ಸೀಳು ಮಾಡಿ, ಸುಮಾರು 1 ಸೆಂಟಿಮೀಟರ್ ದಪ್ಪದ ಅರ್ಧಚಂದ್ರ ಹೆಚ್ಚಿ. ಇದಕ್ಕೆ ಉಪ್ಪು ಹಾಕಬೇಡಿ. ಟೊಮ್ಯಾಟೊ ರಸದಲ್ಲಿ ರುಚಿಯಿದೆ, ಸೌತೆಯದು ಬರೀ ನೀರು, ಅದು ಇಳಿದಷ್ಟೂ ತಳದ ರಸ ತೆಳುವಾಗುತ್ತದೆ. ಕೋಸಂಬರಿಯ ಕಟ್ಟಳೆ ಸೌತೆಗೆ ಮಾತ್ರ ಇಲ್ಲಿಯೂ ಸಲ್ಲುತ್ತದೆ.

ಮೆಣಸಿನಕಾಯಿಯಲ್ಲಿ ಒಂದು ಉಪಾಯ. ಗ್ರೀಕರು ಬಳಸುವ ಹಸಿರು ಮೆಣಸು ನಮ್ಮ ದೊಣ್ಣೆ ಮೆಣಸಿನಕಾಯಿಗಿಂತ ತೆಳು ಗೋಡೆಯದು, ಕಚ್ಚಿದರೆ ಪಟ್ಟನೆ ಮುರಿಯುವಂಥದು. ಬಜ್ಜಿ ಮೆಣಸಿನಕಾಯಿ ಅದಕ್ಕೆ ಹತ್ತಿರ. ಬೀಜವನ್ನೂ ಒಳಗಿನ ಬಿಳಿ ದಿಂಡನ್ನೂ ತೆಗೆದು ತೆಳು ಉಂಗುರ ಮಾಡಿ, ಖಾರ ನೋಡಿಕೊಂಡು ಹಾಕಿ. ದೊಣ್ಣೆ ಮೆಣಸೇ ಇದ್ದರೆ 3 ಮಿಲಿಮೀಟರ್‌ಗಿಂತ ದಪ್ಪ ಬೇಡ.

ಆಲಿವ್ ಕೊಳ್ಳುವಾಗ ಡಬ್ಬಿಯ ಮೇಲಿನ ಪದಾರ್ಥಪಟ್ಟಿ ಓದಿ. ಪಿಜ್ಜಾದ ಮೇಲೆ ಬರುವ ಕಪ್ಪು ಉಂಗುರಗಳು ಮರದಲ್ಲಿ ಕಪ್ಪಾದವಲ್ಲ. ಹಸಿರು ಕಾಯಿಯನ್ನು ಕ್ಷಾರದಲ್ಲಿ ನೆನೆಸಿ, ಗಾಳಿ ಹಾಯಿಸಿ ಕಪ್ಪು ಮಾಡಿ, ಬಣ್ಣ ನಿಲ್ಲಲು ಫೆರಸ್ ಗ್ಲುಕೊನೇಟ್ ಸೇರಿಸುತ್ತಾರೆ. ರುಚಿ ರಬ್ಬರಿನದು. ಕಲಮಾತಾ ಆಲಿವ್ ಬಾದಾಮಿ ಆಕಾರದ್ದು, ನೇರಳೆ ಮಿಶ್ರಿತ ಕಂದು. ದಕ್ಷಿಣ ಗ್ರೀಸಿನ ಮೆಸಿನಿಯಾ ಪ್ರಾಂತ್ಯದ ಕಲಮಾತಾ ಪಟ್ಟಣದ ಹೆಸರು ಹೊತ್ತದ್ದು. ಗಿಡದಿಂದ ಕಿತ್ತ ಆಲಿವ್ ಬಾಯಿಗೆ ಇಡಲಾಗದಷ್ಟು ಕಹಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೂತಮೇಲೇ ತಿನ್ನಲು ಬರುವುದು. ನಮ್ಮ ಮಾವಿನ ಮಿಡಿಯ ಹಾಗೆ ಅಂದರೆ ತಪ್ಪಾಗಲಾರದು. ಬೀಜ ತೆಗೆದ ಆಲಿವ್ ಒಳಗೆಲ್ಲ ಉಪ್ಪುನೀರು ಹೀರಿ ಮೆತ್ತಗಾಗಿರುತ್ತದೆ, ಬೀಜವಿರುವುದನ್ನೇ ತನ್ನಿ, ತಿನ್ನುವವರಿಗೆ ಒಂದು ಮಾತು ಹೇಳಿದರಾಯಿತು. ಸಿಕ್ಲಾದೀಸ್ ದ್ವೀಪಗಳ ಕಡೆ ಇದರ ಜತೆಗೆ ಉಪ್ಪಿನಲ್ಲಿ ಹಾಕಿಟ್ಟ ಕೇಪರ್ ಗಿಡದ ಮೊಗ್ಗನ್ನೂ ಹಾಕುತ್ತಾರೆ. ಒಂದು ಟೇಬಲ್ ಚಮಚ ಸಾಕು, ಹಾಕುವ ಮೊದಲು ತೊಳೆಯಲೇಬೇಕು.

ಇನ್ನು ಫೆಟಾ. ಈ ಪದಕ್ಕೆ ಗ್ರೀಕ್‌ನಲ್ಲಿ ಹೋಳು ಅಂತಲೇ ಅರ್ಥ. ಐರೋಪ್ಯ ಒಕ್ಕೂಟದ ಕಾನೂನಿನಲ್ಲಿ 2002ರಿಂದ ಇದು ಗ್ರೀಸಿನ ನಿರ್ದಿಷ್ಟ ಪ್ರದೇಶಗಳಿಗೆ ಮೀಸಲಾದ ಹೆಸರು. ಡೆನ್ಮಾರ್ಕ್, ಜರ್ಮನಿ ತಕರಾರು ತೆಗೆದವು, 2005ರ ಅಕ್ಟೋಬರ್‌ನಲ್ಲಿ ಐರೋಪ್ಯ ನ್ಯಾಯಾಲಯ ಗ್ರೀಸಿನ ಪರ ನಿಂತಿತು. ಆಮೇಲೂ ಡೆನ್ಮಾರ್ಕಿನ ಕಂಪನಿಗಳು ಒಕ್ಕೂಟದ ಹೊರಗಿನ ದೇಶಗಳಿಗೆ ಅದೇ ಹೆಸರಲ್ಲಿ ಚೀಸು ಕಳಿಸುತ್ತಿದ್ದವು, ಅದನ್ನು ತಡೆಯದಿದ್ದದ್ದು ತಪ್ಪು ಅಂತ 2022ರ ಜುಲೈನಲ್ಲಿ ಇನ್ನೊಂದು ತೀರ್ಪು ಬಂತು. ನಿಯಮದ ಪ್ರಕಾರ ಕನಿಷ್ಠ ಶೇ. 70 ಕುರಿಹಾಲು, ಉಳಿದದ್ದು ಮೇಕೆಹಾಲು, ಹಸುವಿನ ಹಾಲು ಸುತರಾಂ ಇಲ್ಲ, ಕನಿಷ್ಠ ಎರಡು ತಿಂಗಳು ಮಾಗಬೇಕು. ಕುರಿ, ಮೇಕೆ ಹಾಲಿನಲ್ಲಿ ಹಳದಿ ಕ್ಯಾರೊಟಿನ್ ಹೆಚ್ಚುಕಮ್ಮಿ ಇರುವುದಿಲ್ಲ, ಹಾಗಾಗಿ ಅಸಲು ಫೆಟಾ ಸುಣ್ಣದಷ್ಟು ಬಿಳಿ. ಹಸುವಿನ ಹಾಲಿನದ್ದಾದರೆ ಕೆನೆಬಣ್ಣ ಸ್ವಲ್ಪವಾದರೂ ಕಾಣುತ್ತದೆ.

ಬೆಂಗಳೂರಿನ ಅಂಗಡಿಗಳಲ್ಲಿ ಫೆಟಾ ಹೆಸರಲ್ಲಿ ಇರುವುದರಲ್ಲಿ ಹೆಚ್ಚಿನವು ಇಲ್ಲಿಯೇ ಹಸುವಿನ ಹಾಲಿನಿಂದ ಮಾಡಿದವು. ಕುರಿಹಾಲಿನ ಆ ಚುರುಕು ಹುಳಿ ಇರುವುದಿಲ್ಲ, ಸಲಾಡಿಗೆ ನಡೆಯುತ್ತದೆ. ಸಸ್ಯಾಹಾರಿಗಳು ಗಮನಿಸಬೇಕಾದ ಸಂಗತಿ ಬೇರೆ: ಸಾಂಪ್ರದಾಯಿಕ ಫೆಟಾ ಹೆಪ್ಪುಗಟ್ಟಿಸಲು ಕರು, ಕುರಿಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ತೆಗೆದುಕೊಳ್ಳಿ. ಉಪ್ಪುನೀರಿನಲ್ಲಿ ಮುಳುಗಿರುವುದು ಸಿಕ್ಕಿದರೆ ಅದೇ ಒಳ್ಳೆಯದು. ಪುಡಿ ಮಾಡಿಟ್ಟದ್ದು ಒಣಗಿ ಹಿಟ್ಟುಹಿಟ್ಟಾಗಿರುತ್ತದೆ. ತೀರಾ ಉಪ್ಪೆನಿಸಿದರೆ ಇಪ್ಪತ್ತು ನಿಮಿಷ ತಣ್ಣೀರಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ.

ಪನೀರ್ ಹಾಕಬಹುದೇ? ನೇರವಾಗಿ ಹಾಕಿದರೆ ಬೇಡ. ಪನೀರಿಗೆ ಉಪ್ಪೂ ಇಲ್ಲ, ಹುಳಿತ ಹುಳಿಯೂ ಇಲ್ಲ, ಬಾಯಲ್ಲಿ ಕಿರುಗುಟ್ಟುತ್ತದೆ. ಆದರೆ 250 ಗ್ರಾಂ ಪನೀರನ್ನು ಒಂದೂವರೆ ಸೆಂಟಿಮೀಟರ್ ದಪ್ಪದ ಹಲಗೆಗಳಾಗಿ ಕೊಯ್ದು, ಅರ್ಧ ಲೀಟರ್ ಹುಳಿ ಮೊಸರಿನ ತಿಳಿನೀರಿಗೆ 30 ಗ್ರಾಂ ಉಪ್ಪು ಕರಗಿಸಿ, ಅದರಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿ ಒಂದೂವರೆ ದಿನ ಇಟ್ಟರೆ ಉಪ್ಪು, ಹುಳಿ ಎರಡೂ ಒಳಗಿಳಿಯುತ್ತವೆ. ಮೊಸರಿನ ತಿಳಿ ಅಷ್ಟು ಇಲ್ಲದಿದ್ದರೆ ಅರ್ಧ ನೀರು, ಎರಡು ಟೇಬಲ್ ಚಮಚ ವಿನೆಗರ್. ಇದು ಫೆಟಾ ಆಗುವುದಿಲ್ಲ, ಫೆಟಾ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಮಾಡುತ್ತದೆ.

ಎಣ್ಣೆಗೆ ಬಂದರೆ, ನಮ್ಮ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ದೊಡ್ಡ ಡಬ್ಬಿ ಬಹುತೇಕ ಪಾಮೇಸ್ ಎಣ್ಣೆ. ಹಿಂಡಿಯಿಂದ ದ್ರಾವಕ ಹಾಕಿ ತೆಗೆದು ಶುದ್ಧೀಕರಿಸಿದ್ದು. ಕರಿಯಲು ಆಗಬಹುದು, ಹಸಿಯಾಗಿ ಸುರಿಯಲು ಅದರಲ್ಲಿ ಏನೂ ಇಲ್ಲ. ಎಕ್ಸ್‌ಟ್ರಾ ವರ್ಜಿನ್ ಅಂದರೆ ಬರೀ ಯಂತ್ರದಲ್ಲಿ ಹಿಂಡಿದ್ದು, ಆಮ್ಲತೆ ಶೇ. 0.8ಕ್ಕಿಂತ ಮೀರದ್ದು. ಗ್ರೀಸಿನಲ್ಲಿ ಕೊರೊನೇಯಿಕಿ ಎಂಬ ಪುಟ್ಟ ಕಾಯಿಯ ತಳಿ ಹೆಚ್ಚು, ಅದರ ಎಣ್ಣೆ ಹಸಿರು, ನುಂಗಿದ ಮೇಲೆ ಗಂಟಲ ಹಿಂದೆ ಚುರ್ರೆನ್ನುತ್ತದೆ. ಎಣ್ಣೆ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ವಾಪಸ್ ಒಯ್ಯುವವರಿದ್ದಾರೆ. ಆ ಚುರುಕು ಓಲಿಯೊಕ್ಯಾಂತಾಲ್ ಎಂಬ ಸಂಯುಕ್ತದ್ದು, ತಾಜಾ ಎಣ್ಣೆಯ ಗುರುತು. ಕೆಟ್ಟ ಎಣ್ಣೆಯ ವಾಸನೆ ನಮಗೆ ಚೆನ್ನಾಗಿ ಗೊತ್ತಿರುವುದೇ, ಡಬ್ಬದ ತಳದಲ್ಲಿ ಉಳಿದು ಕಮಟು ಹಿಡಿದ ಕಡಲೆಬೀಜದ್ದು. ಗಾಜಿನ ಪಾರದರ್ಶಕ ಬಾಟಲಿಯನ್ನು ಒಲೆಯ ಪಕ್ಕ ಇಟ್ಟರೆ ಆ ಸ್ಥಿತಿಗೆ ಬೇಗ ತಲುಪುತ್ತದೆ.

ಆರೆಗಾನೊಗೆ ಗ್ರೀಕರ ಹೆಸರು ರೀಗನಿ. ಹಸಿ ಎಲೆಗಿಂತ ಒಣಗಿದ್ದು ಮೇಲು, ಹೂವಿನ ಗೊಂಚಲ ಸಮೇತ ಒಣಗಿಸಿ ಕಟ್ಟಿಟ್ಟಿರುತ್ತಾರೆ. ಪಿಜ್ಜಾ ಜತೆ ಬರುವ ಪುಟ್ಟ ಪೊಟ್ಟಣದಲ್ಲಿ ಅದರ ನೆರಳಷ್ಟೇ ಇರುತ್ತದೆ. ಗ್ರೀಕ್ ರೀಗನಿಯ ಘಮಕ್ಕೆ ಕಾರಣ ಕಾರ್ವಕ್ರಾಲ್. ನಮ್ಮ ಹಿತ್ತಲ ದೊಡ್ಡಪತ್ರೆಯಲ್ಲಿರುವುದೂ ಅದೇ, ಓಮದಲ್ಲಿರುವ ಥೈಮಾಲ್ ಅದರ ಖಾಸಾ ದಾಯಾದಿ. ರೀಗನಿ ಇಲ್ಲದ ದಿನ ಒಂದು ಎಳೆ ದೊಡ್ಡಪತ್ರೆ ಎಲೆಯನ್ನು ಕೂದಲಷ್ಟು ತೆಳುವಾಗಿ ಹೆಚ್ಚಿ ಹಾಕಿ ನೋಡಿ. ಒಂದೇ ಎಲೆ, ಎರಡಾದರೆ ತಂಬುಳಿಯ ದಾರಿ ಹಿಡಿಯುತ್ತದೆ. ಒಣ ಆರೆಗಾನೊವನ್ನು ಚಮಚದಿಂದ ಉದುರಿಸದೆ ಅಂಗೈಯಲ್ಲಿಟ್ಟು ಇನ್ನೊಂದು ಅಂಗೈಯಿಂದ ಉಜ್ಜಿ ಹಾಕಿ, ಕಸೂರಿ ಮೇಥಿ ಹಾಕುವ ಹಾಗೆ.

ಈಗ ಕೂಡಿಸುವುದು. ಟೊಮ್ಯಾಟೊ ರಸ ಬಿಟ್ಟಿದೆ. ಅದರ ಮೇಲೆ ಸೌತೆ, ಮೆಣಸು, ಒರೆಸಿದ ಈರುಳ್ಳಿ, ಆಲಿವ್. ಮೊದಲು ವಿನೆಗರ್ ಹಾಕಿ ಒಮ್ಮೆ ಕೈಯಾಡಿಸಿ. ಎಣ್ಣೆ ಆಮೇಲೆ. ಈ ಕ್ರಮ ತಿರುವುಮುರುವಾದರೆ ಎಣ್ಣೆ ಹೋಳುಗಳ ಮೈಗೆ ಅಂಗಿ ತೊಡಿಸಿದಂತೆ ಕೂತು, ವಿನೆಗರ್ ಹಿಡಿಯಲು ಜಾಗವಿಲ್ಲದೆ ಜಾರಿ ತಳಕ್ಕೆ ಹೋಗುತ್ತದೆ. ಮೇಲೆ ಸಪ್ಪೆ, ಕೆಳಗೆ ಹುಳಿ. ಮೂರು ಟೇಬಲ್ ಚಮಚ ಎಣ್ಣೆ ಹಾಕಿ ಇನ್ನೊಮ್ಮೆ ಕೈಯಾಡಿಸಿದಾಗ ತಳದ ತಿಳಿಗೆಂಪು ರಸ ಮಸುಕಾಗಿ, ತುಸು ಗಟ್ಟಿಯಾಗಿ, ಕಿತ್ತಳೆ ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಟೊಮ್ಯಾಟೊ ಲೋಳೆಯಲ್ಲಿರುವ ಪೆಕ್ಟಿನ್ ಎಣ್ಣೆಯ ಹನಿಗಳನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಇದೇ ಡ್ರೆಸಿಂಗ್ ಆದ ಗಳಿಗೆ.

ಫೆಟಾವನ್ನು ಪುಡಿ ಮಾಡಿ ಕಲಸಬೇಡಿ. ಕಲಸಿದರೆ ರಸ ಹಾಲು ಹಾಲಾಗಿ, ಎಲ್ಲ ತುತ್ತೂ ಒಂದೇ ರುಚಿಯಾಗುತ್ತದೆ. ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪದ ಒಂದೇ ಹಲಗೆಯನ್ನು ಮೇಲಿಡಿ. ಉಳಿದ ಎರಡು ಚಮಚ ಎಣ್ಣೆ ಅದರ ಮೇಲೆ, ಆರೆಗಾನೊ ಎಣ್ಣೆಯ ಮೇಲೆ. ತಿನ್ನುವವರು ಫೋರ್ಕಿನಿಂದ ತಮಗೆ ಬೇಕಾದಷ್ಟು ಮುರಿದುಕೊಳ್ಳಲಿ. ಇನ್ನಷ್ಟು ಉಪ್ಪು ಬೇಕೇ ಅನ್ನುವುದನ್ನು ಫೆಟಾ, ಆಲಿವ್ ಎರಡನ್ನೂ ಸೇರಿಸಿ ತಿಂದ ಮೇಲೆ ತೀರ್ಮಾನಿಸಿ. ಉಪ್ಪು ಜಾಸ್ತಿಯಾದ ಗ್ರೀಕ್ ಸಲಾಡುಗಳೆಲ್ಲ ಇದಕ್ಕೆ ಮೊದಲೇ ತೀರ್ಮಾನಿಸಿದವರದು.

ವಿನೆಗರ್ ಬೇಡ ಅನ್ನುವ ಗ್ರೀಕರೂ ಬೇಕಾದಷ್ಟಿದ್ದಾರೆ, ಟೊಮ್ಯಾಟೊ ಹುಳಿ ಸಾಕು ಅನ್ನುವುದು ಅವರ ವಾದ. ನಾಟಿ ಹಣ್ಣಿನ ಮಟ್ಟಿಗೆ ಆ ವಾದ ಒಪ್ಪತಕ್ಕದ್ದು. ಮನೆಯಲ್ಲಿ ಗೋಬಿ ಮಂಚೂರಿಗೆಂದು ತಂದ ಬಿಳಿ ಸಿಂಥೆಟಿಕ್ ವಿನೆಗರ್ ಮಾತ್ರ ಇದ್ದರೆ, ಅದನ್ನು ಹಾಕುವುದಕ್ಕಿಂತ ಬಿಡುವುದೇ ವಾಸಿ. ನಿಂಬೆ ಆದೀತು, ಎರಡು ಟೀ ಚಮಚ ಮೀರದಂತೆ.

ಹಾಗಾದರೆ ಬಾಟಲಿಯ ಡ್ರೆಸಿಂಗಿಗೆ ಜಾಗವೇ ಇಲ್ಲವೇ? ಇದೆ. ಎಣ್ಣೆಗೆ ವಿನೆಗರ್ ಸೇರಿಸಿ ಕಲಕಿದ ಲಾದೋಕ್ಸಿದೊ, ನಿಂಬೆ ಸೇರಿಸಿದ ಲಾದೊಲೆಮೊನೊ ಗ್ರೀಕರಲ್ಲೂ ಉಂಟು. ಎಲೆ ಸಲಾಡಿಗೆ, ಬೇಯಿಸಿದ ಸೊಪ್ಪಿಗೆ, ಸುಟ್ಟ ಮೀನಿಗೆ. ಅಮೆರಿಕದ ರೆಸ್ಟೋರೆಂಟುಗಳ ಲೆಟಿಸ್ ತುಂಬಿದ ಗ್ರೀಕ್ ಸಲಾಡಿಗೂ ಅದು ಬೇಕು. ಅಲ್ಲಿಯ ಫ್ಲೋರಿಡಾದ ಟಾರ್ಪನ್ ಸ್ಪ್ರಿಂಗ್ಸ್‌ನಲ್ಲಿ, ಸಮುದ್ರದ ಸ್ಪಂಜು ತೆಗೆಯಲು ಬಂದು ನೆಲೆಸಿದ ಗ್ರೀಕರ ಊರಿನಲ್ಲಿ, ಸಲಾಡಿನ ಅಡಿಯಲ್ಲಿ ಆಲೂಗಡ್ಡೆ ಸಲಾಡನ್ನೂ ಬಚ್ಚಿಟ್ಟು ಕೊಡುತ್ತಾರೆ. ಮನೆಯಲ್ಲಿ ಹತ್ತು ಹದಿನೈದು ಜನರಿಗೆ ಮಾಡುವಾಗ, ಕಚೇರಿಗೆ ಡಬ್ಬಿ ಒಯ್ಯುವಾಗ ಒಂದು ಜಾಡಿ ಕಲಕಿಟ್ಟುಕೊಳ್ಳುವುದೇ ಅನುಕೂಲ.

ಜಾಡಿಯಲ್ಲಿ ಮೊದಲು 40 ಮಿಲಿಲೀಟರ್ ವಿನೆಗರ್, ಮುಕ್ಕಾಲು ಟೀ ಚಮಚ ಉಪ್ಪು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಆದ್ದರಿಂದ ಇಲ್ಲಿಯೇ ಅಲ್ಲಾಡಿಸಿ ಕರಗಿಸಿಬಿಡಿ. ಅರ್ಧ ಟೀ ಚಮಚ ಡಿಜಾನ್ ಸಾಸಿವೆ (ಬಾಟಲಿಯಲ್ಲಿ ಸಿಗುವ ಸಾಸಿವೆ ಪೇಸ್ಟ್), ಒಂದು ಟೀ ಚಮಚ ಆರೆಗಾನೊ, ಕಾಳುಮೆಣಸಿನ ಪುಡಿ. ಆರೆಗಾನೊ ಐದು ನಿಮಿಷ ವಿನೆಗರಿನಲ್ಲಿ ನೆನೆಯಲಿ. ಆಮೇಲೆ 120 ಮಿಲಿಲೀಟರ್ ಎಣ್ಣೆ, ಮುಚ್ಚಳ ಬಿಗಿ ಮಾಡಿ ಇಪ್ಪತ್ತು ಸೆಕೆಂಡ್ ಜೋರಾಗಿ ಕುಲುಕಿ. ಸಾಸಿವೆ ಇದ್ದರೆ ಬಡಿಸಿ ಮುಗಿಸುವ ತನಕ ಬೆರೆತೇ ಇರುತ್ತದೆ, ಇಲ್ಲದಿದ್ದರೆ ಎರಡು ಮೂರು ನಿಮಿಷದಲ್ಲಿ ಎಣ್ಣೆ ಮೇಲೆ, ವಿನೆಗರ್ ಕೆಳಗೆ. ಬೇರೆಯಾದರೆ ಕೆಟ್ಟಿತು ಅಂತಲ್ಲ, ಇನ್ನೊಮ್ಮೆ ಕುಲುಕಿದರಾಯಿತು. ಮಿಕ್ಸಿಗೆ ಹಾಕುವ ಆಸೆ ಬೇಡ. ಅಷ್ಟು ವೇಗದಲ್ಲಿ ಹೊಡೆದರೆ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಕಹಿಯಾಗಬಹುದು.

ಬೆಳ್ಳುಳ್ಳಿ ಪ್ರಿಯರು ಒಂದು ಎಸಳನ್ನು ಜಜ್ಜಿ ಹಾಕುವುದುಂಟು. ಹಾಕಿದರೆ ಜಾಡಿ ಫ್ರಿಜ್ಜಿನಲ್ಲೇ ಇರಬೇಕು, ಮೂರು ನಾಲ್ಕು ದಿನಕ್ಕೆ ಮುಗಿಯಬೇಕು. ಗಾಳಿಯಾಡದ ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಯನ್ನು ಹೊರಗಿಟ್ಟರೆ ಬೊಟುಲಿಸಂ ಎಂಬ ಪ್ರಾಣಾಂತಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಅದಕ್ಕೆ ವಾಸನೆಯ ಮುನ್ಸೂಚನೆಯೂ ಇರದು. ಬರೀ ಘಮ ಸಾಕಾದರೆ ಎಸಳನ್ನು ಎರಡು ಸೀಳಿ ಬಟ್ಟಲಿನ ಒಳಮೈಗೆ ಉಜ್ಜಿ ಎಸೆಯಿರಿ. ಫ್ರಿಜ್ಜಿನಲ್ಲಿ ಎಣ್ಣೆ ಬೆಣ್ಣೆಯಂತೆ ಹೆಪ್ಪುಗಟ್ಟುತ್ತದೆ, ಚಳಿಗಾಲದ ಕೊಬ್ಬರಿ ಎಣ್ಣೆ ನೋಡಿದವರಿಗೆ ಇದರಲ್ಲಿ ಗಾಬರಿಯಿಲ್ಲ. ಅರ್ಧ ಗಂಟೆ ಹೊರಗಿಟ್ಟರೆ ತಿಳಿಯಾಗುತ್ತದೆ.

ಡಬ್ಬಿಗೆ ಒಯ್ಯುವ ಸಲಾಡಿನಲ್ಲಿ ಟೊಮ್ಯಾಟೊ ಹೆಚ್ಚದೆ ಚೆರ್ರಿ ಟೊಮ್ಯಾಟೊ ಇಡಿಯಾಗಿ ಹಾಕಿ, ಉಪ್ಪು ಬೇಡ, ಫೆಟಾ ಬೇರೆ ಡಬ್ಬಿಯಲ್ಲಿ. ತಿನ್ನುವ ಹತ್ತು ನಿಮಿಷ ಮೊದಲು ಹಣ್ಣುಗಳನ್ನು ಚಮಚದ ಹಿಂಬದಿಯಿಂದ ಒತ್ತಿ ಒಡೆದು ಡ್ರೆಸಿಂಗ್ ಸುರಿದರೆ ಸರಿ.

ಇನ್ನು ಆ ರಸ. ಗ್ರೀಕರು ಪಪಾರಕ್ಕೆ ಬಳಸುವುದು ಗಟ್ಟಿ ಹೊರಪದರದ ಹಳ್ಳಿ ಬ್ರೆಡ್. ನಮ್ಮ ಬೇಕರಿಯ ಹಾಲು ಬ್ರೆಡ್ಡೂ ಪಾವೂ ಸಿಹಿ, ಅದ್ದಿದ ಕೂಡಲೇ ಕರಗುತ್ತವೆ. ಹುಳಿಸಿದ ಹಿಟ್ಟಿನ ಬ್ರೆಡ್ಡಾದ ಸೋರ್‌ಡೋ ಸಿಕ್ಕರೆ ಅದು ಸರಿ. ಕ್ರೀಟ್ ದ್ವೀಪದಲ್ಲಿ ಇದನ್ನೇ ತಿರುಗಿಸಿ ದಾಕೊಸ್ ಮಾಡುತ್ತಾರೆ: ಬಾರ್ಲಿಯ ಬ್ರೆಡ್ಡನ್ನು ಎರಡನೇ ಸಲ ಒಲೆಯಲ್ಲಿಟ್ಟು ಕಲ್ಲಿನಂತೆ ಒಣಗಿಸಿ, ಅದರ ಮೇಲೆ ತುರಿದ ಟೊಮ್ಯಾಟೊ, ಮಿಜಿತ್ರ ಚೀಸು, ಎಣ್ಣೆ. ರಸ ಕುಡಿದು ರಸ್ಕು ಮೆತ್ತಗಾಗುತ್ತದೆ. ತಿಂಗಳುಗಟ್ಟಲೆ ಇಡಲೆಂದು ಒಣಗಿಸಿದ ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿ ಇದೇ ಲೆಕ್ಕಾಚಾರದ್ದು. ಅಂಗೈ ಅಗಲದ ಚೂರು ಮುರಿದು ಸಲಾಡಿನ ತಳದ ರಸಕ್ಕೆ ಹಾಕಿ. ಒಂದು ನಿಮಿಷಕ್ಕೆ ಅಂಚು ಮೆತ್ತಗಾಗಿ ನಡುವೆ ಇನ್ನೂ ಕರುಂ ಅನ್ನುತ್ತಿರುತ್ತದೆ, ತೆಗೆಯಬೇಕಾದ್ದು ಆಗಲೇ. ಮೂರು ನಿಮಿಷ ಬಿಟ್ಟರೆ ಅಂಬಲಿ.